ನಾಯಿ, ಬೆಕ್ಕಿನ ವರ್ಷದ ಚೆಕಪ್: ಸೂಜಿ ಹಾಕಿಸಿ ಬಂದರೆ ಅರ್ಧ ಕೆಲಸವೂ ಆಗಿಲ್ಲ

ಕ್ಲಿನಿಕ್ಕಿನಲ್ಲಿ ಕೂತವರಿಗೆ ಈ ಮಾತುಕತೆ ಬಾಯಿಪಾಠ ಆಗಿರುತ್ತದೆ. "ಊಟ ಮಾಡ್ತಿದೆಯಾ?" "ಹೂಂ ಸಾರ್." "ಉಚ್ಚೆ, ಕಕ್ಕ?" "ಎಲ್ಲಾ ನಾರ್ಮಲ್ ಸಾರ್." ಸೂಜಿ, ಪುಸ್ತಕಕ್ಕೆ ಸೀಲು, ಬಿಲ್ಲು. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಎರಡು ತಿಂಗಳಿಗೆ ಅದೇ ನಾಯಿಯನ್ನು ಎತ್ತಿಕೊಂಡು ಓಡಿ ಬರುತ್ತಾರೆ. "ಮೊನ್ನೆ ಮೊನ್ನೆ ತೋರಿಸಿದ್ವಲ್ಲ ಸಾರ್, ಆಗ ಏನೂ ಇರಲಿಲ್ಲ!"

ತೋರಿಸಿರಲಿಲ್ಲ, ಸೂಜಿ ಹಾಕಿಸಿದ್ದರು ಅಷ್ಟೆ. ಡಾಕ್ಟರ ಕೈಯಲ್ಲಿರುವುದು ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ನೀವು ಮನೆಯಿಂದ ಏನು ಹೊತ್ತು ತರುತ್ತೀರಿ ಅನ್ನುವುದರ ಮೇಲೆ ಚೆಕಪ್ ನಿಂತಿದೆ. ಮುಕ್ಕಾಲು ಭಾಗ ಕೆಲಸ ಮನೆಯಲ್ಲೇ ಆಗಬೇಕು. ಅದಕ್ಕೇ ಈ ಬರಹದಲ್ಲೂ ಮನೆಯ ಕೆಲಸಕ್ಕೇ ಜಾಸ್ತಿ ಜಾಗ.

## ಮೊದಲು ಇವನ್ನು ಜೋಡಿಸಿಕೊಳ್ಳಿ

ಒಂದು ಚಿಕ್ಕ ನೋಟ್‌ಬುಕ್. ಅಳತೆಗೆರೆ ಇರುವ ಲೋಟ. ಡಿಜಿಟಲ್ ಥರ್ಮಾಮೀಟರ್, ಪ್ರಾಣಿಗೆ ಅಂತಲೇ ಬೇರೆಯದು. ತೂಕದ ಯಂತ್ರ. ಸೆಕೆಂಡು ತೋರಿಸುವ ಗಡಿಯಾರ ಅಥವಾ ಫೋನು. ಮುಚ್ಚಳ ಬಿಗಿಯಾಗಿ ಕೂರುವ ಸಣ್ಣ ಡಬ್ಬಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬೆಕ್ಕಿದ್ದರೆ ಗಟ್ಟಿ ಪ್ಲಾಸ್ಟಿಕ್ಕಿನ ಕ್ಯಾರಿಯರ್ ಬುಟ್ಟಿ. ನಾಯಿಗೆ ಗಟ್ಟಿ ಬೆಲ್ಟು ಮತ್ತು ಕಚ್ಚದಂತೆ ಮೂತಿಗೆ ಹಾಕುವ ಬಾಯಿಕುಕ್ಕೆ.

ಇವೆಲ್ಲ ಹೋಗುವ ದಿನ ಬೆಳಗ್ಗೆ ಕೊಳ್ಳುವ ಸಾಮಾನುಗಳಲ್ಲ. ಕನಿಷ್ಠ ಹತ್ತು ದಿನ ಮೊದಲೇ ಮನೆಯಲ್ಲಿರಬೇಕು. ಯಾಕೆ ಅಂತ 5ನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಎಷ್ಟು ತಿಂಗಳಿಗೊಮ್ಮೆ ಅಂತ ತೀರ್ಮಾನಿಸಿ

ಮರಿಗಳಿಗೆ ಲೆಕ್ಕ ಸುಲಭ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ 16 ವಾರ ತುಂಬುವವರೆಗೆ ಮೂರ್ನಾಲ್ಕು ವಾರಕ್ಕೊಮ್ಮೆ ಹೋಗುತ್ತಲೇ ಇರುತ್ತೀರಿ. ಪ್ರತಿ ಸಲವೂ ಡಾಕ್ಟರು ಮೈ ಮುಟ್ಟಿ ನೋಡಲಿ. ಮರಿಯ ಹೃದಯದ ಸದ್ದು, ಹೊಕ್ಕುಳ ಬಳಿಯ ಹರ್ನಿಯಾ, ಇಳಿಯದ ವೃಷಣ ಇಂಥವು ಸಿಗುವುದೇ ಆಗ.

ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಗೆ ಆರೇಳು ವರ್ಷ ಆದಮೇಲೆ, ಪಾಮರೇನಿಯನ್‌ನಂಥ ಸಣ್ಣದಕ್ಕೆ ಒಂಬತ್ತು ಹತ್ತರ ಮೇಲೆ, ಬೆಕ್ಕಿಗೆ ಹತ್ತರ ಮೇಲೆ ಆರು ತಿಂಗಳಿಗೊಮ್ಮೆ. ಅವುಗಳ ಆರು ತಿಂಗಳು ನಮ್ಮ ಎರಡು ಮೂರು ವರ್ಷಕ್ಕೆ ಸಮ ಅಂತ ಇಟ್ಟುಕೊಳ್ಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. "ನಮ್ಮ ಬೆಕ್ಕು ಮನೆ ಬಿಟ್ಟು ಆಚೆಯೇ ಹೋಗಲ್ಲ, ಅದಕ್ಕೇನು ಚೆಕಪ್?" ಕಿಡ್ನಿ, ಹಲ್ಲು, ಥೈರಾಯ್ಡ್, ಸಕ್ಕರೆ ಕಾಯಿಲೆ ಯಾವುದೂ ಬಾಗಿಲು ತಟ್ಟಿ ಆಚೆಯಿಂದ ಬರುವುದಿಲ್ಲ.

## ಹಂತ 2: ಹುಷಾರಾಗಿದ್ದಾಗಲೇ ಡಾಕ್ಟರನ್ನು ಹುಡುಕಿ

ರಾತ್ರಿ ಹನ್ನೊಂದಕ್ಕೆ ನಾಯಿ ವಾಂತಿ ಮಾಡುವಾಗ ಫೋನಿನಲ್ಲಿ ಹುಡುಕುವುದು ಹುಡುಕುವ ರೀತಿ ಅಲ್ಲ. ಮನೆಗೆ ಹತ್ತಿರದ ಒಬ್ಬ ಪಶುವೈದ್ಯರು, ರಾತ್ರಿ ತೆರೆದಿರುವ ಒಂದು ಆಸ್ಪತ್ರೆ, ಎರಡರ ನಂಬರೂ ಫ್ರಿಜ್ಜಿನ ಬಾಗಿಲ ಮೇಲಿರಲಿ.

ದುಡ್ಡಿನ ಯೋಚನೆ ಇದ್ದವರು ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ದನ, ಕುರಿಗೆ ಮಾತ್ರ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನಾಯಿ, ಬೆಕ್ಕನ್ನೂ ನೋಡುತ್ತಾರೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಆಸ್ಪತ್ರೆಯಲ್ಲಿ ಕಾಯಬೇಕಾಗಬಹುದು, ಆದರೆ ಬೇರೆ ಬೇರೆ ವಿಭಾಗದವರು ಒಂದೇ ಕಡೆ ಸಿಗುತ್ತಾರೆ. ಬೇಗ ಹೋಗಿ ಚೀಟಿ ಮಾಡಿಸಿ.

ಹುಷಾರಾಗಿರುವ ಪ್ರಾಣಿಯನ್ನು ಒಂದು ಸಲ ಸುಮ್ನೆ ಕರೆದುಕೊಂಡು ಹೋಗಿ ತೂಕ ಮಾಡಿಸಿ, ಒಂದು ತಿಂಡಿ ತಿನ್ನಿಸಿ, ವಾಪಸ್ ಕರೆತನ್ನಿ. ಆ ಬಾಗಿಲು ಅಂದರೆ ಸೂಜಿ ಅನ್ನುವ ಲೆಕ್ಕ ಅದರ ತಲೆಯಿಂದ ಸ್ವಲ್ಪ ಸಡಿಲವಾಗುತ್ತದೆ.

## ಹಂತ 3: ಒಂದು ವಾರದ ಲೆಕ್ಕ ಬರೆಯಿರಿ

ಜನ ಬಿಟ್ಟುಬಿಡುವ ಹಂತ ಇದು. ಡಾಕ್ಟರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದೂ ಇದೇ.

ನೀರು. ಬೆಳಗ್ಗೆ ಅಳೆದು ಹಾಕಿ, ಮರುದಿನ ಬೆಳಗ್ಗೆ ಉಳಿದಿದ್ದನ್ನು ಅಳೆದು ಕಳೆಯಿರಿ. ಹತ್ತು ಕಿಲೋ ನಾಯಿ ದಿನಕ್ಕೆ ಒಂದು ಲೀಟರ್ ದಾಟಿದರೆ, ನಾಲ್ಕು ಕಿಲೋ ಬೆಕ್ಕು ದಿನವೂ 200 ಮಿಲಿ ದಾಟಿದರೆ ಬರೆದಿಟ್ಟು ಹೇಳಲೇಬೇಕು. ಕಿಡ್ನಿ, ಸಕ್ಕರೆ ಕಾಯಿಲೆ, ಹೆಣ್ಣುನಾಯಿಯಲ್ಲಿ ಗರ್ಭಕೋಶದ ಕೀವು ಮೂರೂ ಮೊದಲು ಹೀಗೇ ಕಾಣಿಸಿಕೊಳ್ಳಬಹುದು. ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ ಕುಡಿಯುವುದು ಸಹಜ. ಅದಕ್ಕೇ ಒಂದು ದಿನದ ಲೆಕ್ಕ ಸಾಲದು, ವಾರದ್ದು ಬೇಕು.

ಊಟ. ತಟ್ಟೆಗೆ ಹಾಕಿದ್ದನ್ನಷ್ಟೇ ಬರೆದರೆ ಆಗಲಿಲ್ಲ. ಅಜ್ಜಿ ಕಾಫಿ ಜೊತೆ ಕೊಡುವ ಗ್ಲೂಕೋಸ್ ಬಿಸ್ಕೆಟ್, ಮಗು ಟೇಬಲ್ ಕೆಳಗೆ ಬೀಳಿಸುವ ಚಪಾತಿ ತುಂಡು, ಸಂಜೆಯ ಮೊಸರನ್ನ ಎಲ್ಲ ಬರೆಯಿರಿ. "ದಿನಕ್ಕೆ ಎರಡು ಕಪ್ ಅಷ್ಟೆ ಸಾರ್" ಅನ್ನುವ ಮನೆಯಲ್ಲಿ ನಾಯಿ ಯಾಕೆ ಪಿಪಾಯಿ ಆಗಿದೆ ಅನ್ನುವ ಉತ್ತರ ಹೆಚ್ಚಾಗಿ ಅಜ್ಜಿಯ ಬಿಸ್ಕೆಟ್ ಡಬ್ಬಿಯಲ್ಲಿರುತ್ತದೆ. ಬೆಕ್ಕಿಗೆ ಬರೀ ಹಾಲನ್ನ, ಮೊಸರನ್ನ ಹಾಕುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಮಾಂಸ, ಮೀನಿನಿಂದಲೇ ಬರಬೇಕು. ಅದು ಕಮ್ಮಿಯಾದರೆ ಕಣ್ಣಿಗೂ ಹೃದಯಕ್ಕೂ ಪೆಟ್ಟು.

ತೂಕ. ಸಣ್ಣ ನಾಯಿಯಾದರೆ ಎತ್ತಿಕೊಂಡು ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಬೆಕ್ಕಿಗೆ ಈ ಲೆಕ್ಕ ಒರಟಾಗುತ್ತದೆ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇದ್ದರೆ ಬುಟ್ಟಿ ಸಮೇತ ಒಂದು ಕ್ಷಣ ಎತ್ತಿ ತೂಗಿ, ಖಾಲಿ ಬುಟ್ಟಿಯ ತೂಕ ಕಳೆಯಿರಿ.

ತೂಕದ ವಿಷಯದಲ್ಲಿ ನಾನೇ ಮುಗ್ಗರಿಸಿದ್ದೇನೆ. ನಮ್ಮ ಬೆಕ್ಕು ಗುಂಡನಿಗೆ ಹನ್ನೊಂದಾದಾಗ ಒಂದು ದಿನ ಲಸಿಕೆ ಪುಸ್ತಕ ತಿರುವಿ ಹಾಕಿದೆ. ಮೂರು ವರ್ಷ, ಮೂರು ಸೀಲು, ಪಕ್ಕದಲ್ಲಿ ಮೂರು ತೂಕ: 4.8, 4.5, 4.1. ಪ್ರತಿ ವರ್ಷ ಆ ಅಂಕಿ ನನ್ನ ಕಣ್ಣೆದುರೇ ಬರೆಯಲಾಗಿತ್ತು. ಮೂರನ್ನೂ ಒಟ್ಟಿಗೆ ಓದಿದವರು ಯಾರೂ ಇಲ್ಲ, ನಾನೂ ಇಲ್ಲ. "ವಯಸ್ಸಾಯ್ತಲ್ವಾ, ಅದಕ್ಕೇ ಸೊರಗಿದೆ" ಅಂತ ಮನೆಯವರೆಲ್ಲ ಒಪ್ಪಿಕೊಂಡಿದ್ದೆವು. ರಕ್ತಪರೀಕ್ಷೆ ಮಾಡಿಸಿದಾಗ ಕಿಡ್ನಿ ಆಗಲೇ ಸೋತಿತ್ತು. ನಾಲ್ಕು ಕಿಲೋ ಬೆಕ್ಕಿನಲ್ಲಿ 400 ಗ್ರಾಂ ಇಳಿದರೆ ಅದು ಹತ್ತರಲ್ಲಿ ಒಂದು ಪಾಲು. ಅರವತ್ತು ಕಿಲೋ ಮನುಷ್ಯ ಕಾರಣವಿಲ್ಲದೆ ಆರು ಕಿಲೋ ಇಳಿದರೆ ಮನೆಯಲ್ಲಿ ಸುಮ್ಮನಿರುತ್ತಾರಾ?

ಉಸಿರು. ಗಾಢ ನಿದ್ದೆಯಲ್ಲಿರುವಾಗ ಎಣಿಸಿ. ಪಕ್ಕೆ ಮೇಲೆದ್ದು ಕೆಳಗಿಳಿದರೆ ಒಂದು. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಾಯಿಯಾಗಲಿ ಬೆಕ್ಕಾಗಲಿ ನಿಮಿಷಕ್ಕೆ 30ರ ಒಳಗಿರಬೇಕು. ಕನಸು ಕಾಣುತ್ತಾ ಕಾಲು ಒದರುವಾಗ ಎಣಿಸಬೇಡಿ, ತಪ್ಪು ಬರುತ್ತದೆ. ನಿದ್ದೆಯಲ್ಲೂ ದಿನಾ ದಿನಾ 30 ದಾಟುತ್ತಿದ್ದರೆ ಚೆಕಪ್ಪಿನ ತಾರೀಕಿನವರೆಗೆ ಕಾಯಬೇಡಿ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರಬಹುದು.

ಕುಂಟುವುದು, ಕೆಮ್ಮುವುದು, ತಲೆ ಒದರುವುದು ಕಂಡರೆ ಫೋನಿನಲ್ಲಿ ವಿಡಿಯೋ ಮಾಡಿ. ಕ್ಲಿನಿಕ್ಕಿಗೆ ಹೋದ ಕೂಡಲೇ ಕುಂಟುವ ನಾಯಿ ನೆಟ್ಟಗೆ ನಡೆಯುತ್ತದೆ. ಇದು ಎಲ್ಲ ನಾಯಿಗಳೂ ಸೇರಿ ಮಾಡಿಕೊಂಡ ಒಪ್ಪಂದ ಇರಬೇಕು.

## ಹಂತ 4: ಮೂಗಿನಿಂದ ಬಾಲದವರೆಗೆ ಕೈಯಾಡಿಸಿ

ತಿಂಗಳಿಗೊಮ್ಮೆ, ಊಟ ಆಗಿ ಮಂಪರಿನಲ್ಲಿದ್ದಾಗ. ಮುಖದಿಂದ ಶುರು ಮಾಡಿದರೆ ಪ್ರತಿ ಸಲ ಒಂದೇ ಕ್ರಮ ಇರುತ್ತದೆ, ಯಾವುದೂ ತಪ್ಪುವುದಿಲ್ಲ.

ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಡಿ. ಬಿಳಿಚಿಕೊಂಡ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ನಮ್ಮ ನಾಡನಾಯಿಗಳಲ್ಲಿ ಸುಮಾರಕ್ಕೆ ಒಸಡೇ ಕಪ್ಪಗಿರುತ್ತದೆ. ಆಗ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು ಒಳಬಣ್ಣ ನೋಡಿ. ಸುಣ್ಣದ ಹಾಗೆ ಬಿಳಿ ಇದ್ದರೆ ರಕ್ತ ಕಮ್ಮಿ, ನಮ್ಮ ಕಡೆ ಉಣ್ಣೆ ಹುಳದ ಜ್ವರದಲ್ಲಿ ಹೀಗಾಗುವುದು ಸಾಮಾನ್ಯ. ಅರಿಸಿನದ ಛಾಯೆ ಇದ್ದರೆ ಕಾಮಾಲೆ. ಎರಡರಲ್ಲಿ ಯಾವುದು ಕಂಡರೂ ಅವತ್ತೇ ಹೊರಡಿ.

ಹಾಗೇ ಹಿಂದಿನ ದವಡೆ ಹಲ್ಲು ನೋಡಿ. ಮುಂದಿನ ಕೋರೆಹಲ್ಲು ಬೆಳ್ಳಗಿದ್ದರೂ ಹಿಂದೆ ಕಂದು ಗಾರೆ ಕಟ್ಟಿರುತ್ತದೆ. ಮೂರು ವರ್ಷ ದಾಟಿದ ಹೆಚ್ಚಿನ ನಾಯಿ, ಬೆಕ್ಕುಗಳಲ್ಲಿ ಒಸಡಿನ ತೊಂದರೆ ಒಂದಿಷ್ಟು ಇದ್ದೇ ಇರುತ್ತದೆ. ಬಾಯಿ ನಾರುವುದು "ನಾಯಿ ವಾಸನೆ" ಅಲ್ಲ, ಹೆಚ್ಚಾಗಿ ಹಲ್ಲಿನ ರೋಗ. ನಮ್ಮ ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ, ಅವು ಉಗುಳುವುದಿಲ್ಲ, ನುಂಗುತ್ತವೆ.

ಕಿವಿ ಮಡಿಸಿ ಮೂಸಿ ನೋಡಿ. ಹೌದು, ಮೂಸಿಯೇ ನೋಡಬೇಕು. ಹುಳಿ ವಾಸನೆ ಬಂದರೆ ಸೋಂಕು. ಬೆಕ್ಕಿನ ಕಿವಿಯಲ್ಲಿ ಕಾಫಿಪುಡಿ ಉದುರಿದ ಹಾಗಿದ್ದರೆ ಹೆಚ್ಚಾಗಿ ಕಿವಿಯ ನುಸಿ. ಬಡ್ಸ್ ಹಾಕಿ ಕೆದಕಬೇಡಿ, ಕೊಳೆ ಇನ್ನೂ ಒಳಗೆ ಹೋಗುತ್ತದೆ.

ಪಕ್ಕೆ ಮೇಲೆ ಅಂಗೈ ಸವರಿ. ಇದಕ್ಕೊಂದು ಒಳ್ಳೆ ಉಪಾಯ ಇದೆ. ನಿಮ್ಮ ಕೈಯನ್ನು ಮುಷ್ಟಿ ಮಾಡಿ ಗಿಣ್ಣುಗಳ ಮೇಲೆ ಬೆರಳಾಡಿಸಿ: ಪಕ್ಕೆಲುಬು ಹಾಗೆ ಚುಚ್ಚಿದರೆ ಪ್ರಾಣಿ ತೀರಾ ತೆಳು. ಅಂಗೈ ತಿರುಗಿಸಿ ಬೆರಳಿನ ಬುಡದ ದಪ್ಪ ಮಾಂಸ ಮುಟ್ಟಿ: ಹಾಗೆ ಹೂತು ಹೋಗಿದ್ದರೆ ದಪ್ಪ ಜಾಸ್ತಿ. ಕೈ ಬಿಚ್ಚಿ ಹಿಂಭಾಗ ಮುಟ್ಟಿ: ಎಲುಬು ಗೊತ್ತಾಗುತ್ತದೆ, ಆದರೆ ಎದ್ದು ಕಾಣುವುದಿಲ್ಲ. ಅದು ಸರಿಯಾದ ಮೈ.

ದವಡೆ ಕೆಳಗೆ, ಭುಜದ ಮುಂದೆ, ಮೊಣಕಾಲಿನ ಹಿಂದೆ ಎರಡೂ ಕಡೆ ಗಂಟು ಇದೆಯಾ ನೋಡಿ. ಮರಿ ಆಗದಂತೆ ಆಪರೇಷನ್ ಮಾಡಿಸದ ಹೆಣ್ಣುನಾಯಿಯ ಹೊಟ್ಟೆಯ ಕೆಳಗೆ ಎರಡೂ ಸಾಲು ಮೊಲೆಗಳನ್ನು ಬಿಡದೆ ಒಂದೊಂದಾಗಿ ಮುಟ್ಟಿ. ಕಡಲೆಕಾಳಿನಷ್ಟು ಗಂಟು ಸಿಕ್ಕರೂ ಬರೆದುಕೊಳ್ಳಿ. ಕಾಳಿನಷ್ಟಿದ್ದಾಗ ತೆಗೆಸುವುದು ಸುಲಭ, ನಿಂಬೆಹಣ್ಣಿನಷ್ಟಾದ ಮೇಲೆ ಕಷ್ಟ.

ಕಾಲಿನ ಬೆರಳ ಸಂದಿ, ಕಿವಿಯ ಒಳಮಡಿಕೆ, ಬಾಲದ ಬುಡ, ಈ ಮೂರು ಉಣ್ಣೆ ಹುಳದ ಅಡಗುತಾಣ. ಅಪಾರ್ಟ್‌ಮೆಂಟಿನ ನುಣುಪು ಟೈಲ್ಸ್ ಮೇಲೆ ಓಡಾಡುವ ನಾಯಿಗೆ ಉಗುರು ಸವೆಯುವುದಿಲ್ಲ. ನೆಲಕ್ಕೆ ತಾಗದ ಪಕ್ಕದುಗುರು ಸುತ್ತಿಕೊಂಡು ಮಾಂಸಕ್ಕೇ ಚುಚ್ಚಿಕೊಂಡಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಜ್ವರ ನೋಡಬೇಕೆಂದರೆ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಒಂದು ಇಂಚಿಗಿಂತ ಕಮ್ಮಿ ಇಡಬೇಕು. 101ರಿಂದ 102.5 ಫ್ಯಾರನ್‌ಹೀಟ್ ಸಹಜ. ನಮಗೆ 101 ಅಂದರೆ ಜ್ವರ, ಅವಕ್ಕೆ ಅಲ್ಲ. ಮೂಗು ಒಣಗಿದೆ ಅಂತ ಜ್ವರ ಅಂದುಕೊಳ್ಳುವುದು, ಮೂಗು ಒದ್ದೆಯಿದೆ ಅಂತ ನೆಮ್ಮದಿಯಾಗಿರುವುದು ಎರಡೂ ತಪ್ಪು. ಕಚ್ಚುವ ಪ್ರಾಣಿಯಾದರೆ ಈ ಸಾಹಸ ಬೇಡ, ಡಾಕ್ಟರಿಗೆ ಬಿಡಿ.

## ಹಂತ 5: ಬುಟ್ಟಿ, ಬೆಲ್ಟು, ಬಾಯಿಕುಕ್ಕೆ ಅಭ್ಯಾಸ ಮಾಡಿಸಿ

ಬೆಕ್ಕಿನ ಚೆಕಪ್ ತಪ್ಪಿಹೋಗುವುದು ಹೆಚ್ಚಾಗಿ ಇಲ್ಲೇ. ಅಟ್ಟದಿಂದ ಧೂಳು ಹಿಡಿದ ಬುಟ್ಟಿ ಇಳಿಸುತ್ತೀರಿ. ಬೆಕ್ಕು ಬೀರುವಿನ ಹಿಂದೆ ಮಾಯ. ಮುಕ್ಕಾಲು ಗಂಟೆ ಪರದಾಟ, ಕೈತುಂಬ ಪರಚಿದ ಗೆರೆ, "ಮುಂದಿನ ವಾರ ಹೋದರಾಯ್ತು."

ಹತ್ತು ದಿನ ಮೊದಲೇ ಬುಟ್ಟಿಯನ್ನು ನಡುಮನೆಯಲ್ಲಿಡಿ. ಬಾಗಿಲು ತೆಗೆದಿರಲಿ. ಒಳಗೆ ನಿಮ್ಮ ಹಳೇ ಬನಿಯನ್ ಅಥವಾ ಸೀರೆ ತುಂಡು ಹಾಸಿ. ಮೊದಲ ಎರಡು ದಿನ ಊಟದ ತಟ್ಟೆ ಬುಟ್ಟಿಯ ಪಕ್ಕ, ಆಮೇಲೆ ಬಾಗಿಲಲ್ಲಿ, ಆಮೇಲೆ ಒಳಗೆ. ಅದಾಗೇ ಒಳಗೆ ಹೋಗಿ ಮಲಗಲು ಶುರು ಮಾಡಿದ ಮೇಲೆ ಅರ್ಧ ನಿಮಿಷ ಬಾಗಿಲು ಹಾಕಿ ತೆಗೆಯಿರಿ. ಮೇಲಿನ ಮುಚ್ಚಳ ಬಿಚ್ಚುವಂಥ ಬುಟ್ಟಿ ಕೊಂಡರೆ ಇನ್ನೂ ಒಳ್ಳೆಯದು, ಡಾಕ್ಟರು ಬೆಕ್ಕನ್ನು ಎಳೆಯದೆ ಅಲ್ಲೇ ಕೂರಿಸಿ ನೋಡಬಹುದು.

ಗೋಣಿಚೀಲ, ಬಟ್ಟೆ ಬ್ಯಾಗು, ತೋಳಲ್ಲಿ ಅಪ್ಪಿಕೊಂಡು ಆಟೋ, ಮೂರೂ ಬೇಡ. ಹಾರ್ನ್ ಒಂದು ಜೋರಾಗಿ ಹೊಡೆದರೆ ಬೆಕ್ಕು ನಿಮ್ಮ ಭುಜ ಹತ್ತಿ ರಸ್ತೆಗೆ ಹಾರುತ್ತದೆ.

ನಾಯಿಗೆ ಬಾಯಿಕುಕ್ಕೆಯೊಳಗೆ ಒಂದು ತಿಂಡಿ ಇಟ್ಟು ಅದಾಗೇ ಮೂತಿ ತೂರಿಸುವಂತೆ ಮಾಡಿ. "ನಮ್ಮದು ಕಚ್ಚಲ್ಲ ಸಾರ್" ಅನ್ನುವ ಮಾತನ್ನು ಪ್ರತಿಯೊಬ್ಬ ಪಶುವೈದ್ಯರೂ ಕೇಳಿದ್ದಾರೆ, ಕೆಲವರ ಕೈಯಲ್ಲಿ ಅದರ ಗುರುತೂ ಇದೆ. ಬಾಯಿ ತೆರೆದು ಏದುಸಿರು ಬಿಡಲು ಜಾಗ ಇರುವ ಬುಟ್ಟಿಯಾಕಾರದ್ದೇ ಕೊಳ್ಳಿ. ಬಟ್ಟೆಯ ಬಿಗಿ ಪಟ್ಟಿ ಹಾಕಿ ಅರ್ಧ ಗಂಟೆ ಸಾಲಿನಲ್ಲಿ ಕೂರಿಸಿದರೆ ನಾಯಿಗೆ ಮೈ ಬಿಸಿಯೇರುತ್ತದೆ.

## ಹಂತ 6: ಹೊರಡುವ ದಿನದ ಬೆಳಗ್ಗೆ

ರಕ್ತಪರೀಕ್ಷೆ ಇದ್ದರೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇರಬೇಕು, ನೀರು ಕೊಡಬಹುದು. ಪುಟ್ಟ ಮರಿಗಳನ್ನು, ಸಕ್ಕರೆ ಕಾಯಿಲೆಯ ಪ್ರಾಣಿಗಳನ್ನು ಡಾಕ್ಟರನ್ನು ಕೇಳದೆ ಉಪವಾಸ ಹಾಕಬೇಡಿ. ದಿನದ ಮಾತ್ರೆ ಯಾವುದಾದರೂ ನಡೆಯುತ್ತಿದ್ದರೆ ಬೆಳಗ್ಗೆ ಕೊಡಬೇಕೋ ಬೇಡವೋ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಬೆಳಗಿನ ಕಕ್ಕದಿಂದ ಒಂದು ಚಮಚದಷ್ಟು ಡಬ್ಬಿಗೆ. ಕೆಲವು ಗಂಟೆಯೊಳಗೆ ತಲುಪಬೇಕು, ತಡವಾಗುವುದಾದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. (ಮನೆಯವರಿಗೆ ಹೇಳಿ ಇಡಿ.) ಮಣ್ಣಿನ ಮೇಲೆ ಬಿದ್ದಿದ್ದರೆ ಮಣ್ಣು ತಾಗದ ಮೇಲ್ಭಾಗ ಮಾತ್ರ ತೆಗೆಯಿರಿ.

ಹಳೇ ಪುಸ್ತಕ, ಹಳೇ ರಿಪೋರ್ಟು, ಈಗ ಕೊಡುತ್ತಿರುವ ಔಷಧಿಯ ಸ್ಟ್ರಿಪ್ಪು. "ಬಿಳಿ ಮಾತ್ರೆ ಸಾರ್, ಅರ್ಧ ಕೊಡ್ತಿದ್ವಿ" ಅನ್ನುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಬೇಸಿಗೆಯಲ್ಲಿ ಮಧ್ಯಾಹ್ನ ಹೊರಡಬೇಡಿ. ರಾಯಚೂರು, ಕಲಬುರಗಿ ಕಡೆ ಅಂತೂ ಬೆಳಗ್ಗೆ ಬೇಗ ಇಲ್ಲವೇ ಸಂಜೆಯೇ ಸರಿ. ಪಗ್‌ನಂಥ ಚಪ್ಪಟೆ ಮೂತಿಯವು ಬಿಸಿಲಿಗೆ ಬೇಗ ಕುಸಿಯುತ್ತವೆ. ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಡಬೇಡಿ.

## ಹಂತ 7: ಕ್ಲಿನಿಕ್ಕಿನಲ್ಲಿ

ಸಾಲಿನಲ್ಲಿ ಕಾಯುವಾಗ ಲಸಿಕೆ ಪೂರ್ತಿ ಆಗದ ಮರಿಯನ್ನು ನೆಲಕ್ಕೆ ಬಿಡಬೇಡಿ. ಮಡಿಲಲ್ಲೇ ಇರಲಿ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ, ಆ ನೆಲದ ಮೇಲೆ ಬೆಳಗ್ಗೆ ಯಾವ ಮರಿ ವಾಂತಿ ಮಾಡಿತ್ತೋ ಯಾರಿಗೆ ಗೊತ್ತು. ಬೆಕ್ಕಿನ ಬುಟ್ಟಿಯ ಮೇಲೆ ಟವಲ್ ಮುಚ್ಚಿ, ನೆಲದ ಬದಲು ಕುರ್ಚಿಯ ಮೇಲಿಡಿ.

ಒಳಗೆ ಹೋದಮೇಲೆ ಕ್ರಮ ಮುಖ್ಯ. ಮೊದಲು ತೂಕ, ಆಮೇಲೆ ನಿಮ್ಮ ಮಾತು, ಆಮೇಲೆ ಮೈ ಪರೀಕ್ಷೆ, ಕೊನೆಗೆ ಸೂಜಿ. ಸೂಜಿ ಮೊದಲಾದರೆ ಪ್ರಾಣಿ ಆಮೇಲೆ ಮುಟ್ಟಲು ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಜ್ವರವಿದ್ದರೆ ಅಥವಾ ಕಾಯಿಲೆ ಇದ್ದರೆ ಲಸಿಕೆ ಮುಂದಕ್ಕೆ ಹಾಕಬೇಕಾಗುತ್ತದೆ. ನೋಡದೆ ಅದು ಹೇಗೆ ಗೊತ್ತಾಗಬೇಕು? ಡಾಕ್ಟರು ಗಡಿಬಿಡಿಯಲ್ಲಿದ್ದರೆ ವಿನಯವಾಗಿ, "ಸಾರ್, ಒಂದ್ಸಲ ಎದೆ, ಹೊಟ್ಟೆ, ಹಲ್ಲು ನೋಡಿಬಿಡಿ, ಅದಕ್ಕೇ ಬಂದಿದ್ದು" ಅನ್ನಿ. ಹೀಗೆ ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡ ಡಾಕ್ಟರನ್ನು ನಾನಂತೂ ಕಂಡಿಲ್ಲ.

ನೋಟ್‌ಬುಕ್ ಪೂರ್ತಿ ಓದಬೇಡಿ. ಬದಲಾಗಿರುವುದನ್ನು ಮಾತ್ರ ಮೂರು ವಾಕ್ಯದಲ್ಲಿ ಹೇಳಿ. "ಎರಡು ವಾರದಿಂದ ನೀರು ಜಾಸ್ತಿ. ಹೋದ ವರ್ಷಕ್ಕಿಂತ ಮುಕ್ಕಾಲು ಕಿಲೋ ಕಮ್ಮಿ. ಎಡಗಡೆ ಮೊಲೆ ಹತ್ತಿರ ಗಂಟು." ಹೆಣ್ಣಾದರೆ ಕೊನೆಯ ಬೆದೆ ಯಾವ ತಿಂಗಳು ಅಂತ ತಪ್ಪದೆ ಹೇಳಿ. ಗರ್ಭಕೋಶದ ಕೀವು ಹೆಚ್ಚಾಗಿ ಬೆದೆ ಮುಗಿದ ಒಂದೆರಡು ತಿಂಗಳೊಳಗೆ ಬರುತ್ತದೆ. ನೀವೇ ಏನಾದರೂ ಮಾತ್ರೆ ಕೊಟ್ಟಿದ್ದರೆ ನಾಚಿಕೆ ಪಡದೆ ಹೇಳಿ.

ಲಸಿಕೆ ಹಾಕುವಾಗ ಸೀಸೆಯ ಸ್ಟಿಕ್ಕರ್ ಪುಸ್ತಕಕ್ಕೆ ಅಂಟಿಸಿದರಾ, ಬ್ಯಾಚ್ ನಂಬರು, ಎಕ್ಸ್‌ಪೈರಿ ಇದೆಯಾ, ಸಹಿ ಆಯಿತಾ ನೋಡಿಕೊಳ್ಳಿ. ನನ್ನ ನಾಯಿಯ ಪುಸ್ತಕದಲ್ಲಿ ಒಂದು ವರ್ಷ ಬರೀ ತಾರೀಕು ಗೀಚಿ ಕೊಟ್ಟಿದ್ದರು. ಮುಂದೆ ಪಾಲಿಕೆ ಲೈಸೆನ್ಸಿಗೆ ಅಂತ ಹೋದಾಗ ಆ ಪುಟ ನಡೆಯಲಿಲ್ಲ, ಮತ್ತೆ ರೇಬಿಸ್ ಸೂಜಿ ಹಾಕಿಸಬೇಕಾಯಿತು.

## ಹಂತ 8: ಯಾವ ಟೆಸ್ಟು, ಯಾತಕ್ಕೆ

ಎಳೆಯ, ಹುಷಾರಾಗಿರುವ ಪ್ರಾಣಿಗೆ ವರ್ಷಕ್ಕೊಮ್ಮೆ ಮಲ ಪರೀಕ್ಷೆ ಸಾಕು ಅಂತ ಡಾಕ್ಟರು ಹೇಳಬಹುದು. ಆದರೆ ಒಂದು ಸಲವಾದರೂ ಚೆನ್ನಾಗಿರುವಾಗಲೇ ರಕ್ತಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ ಅನ್ನುವುದು ನನ್ನ ಮಾತು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಅಂಕಿ 1.7 ಬಂತು ಅಂದುಕೊಳ್ಳಿ. ಬೆಕ್ಕಿನ ರಿಪೋರ್ಟಿನಲ್ಲಿ ಅದು "ನಾರ್ಮಲ್" ಗೆರೆಯೊಳಗೇ ಇರಬಹುದು. ಎರಡು ವರ್ಷದ ಹಿಂದೆ 1.1 ಇತ್ತು ಅಂತ ಗೊತ್ತಿದ್ದರೆ ಮಾತ್ರ ಆ 1.7 ಮಾತಾಡುತ್ತದೆ. ಕಿಡ್ನಿಯ ಮುಕ್ಕಾಲು ಭಾಗ ಕೆಲಸ ನಿಂತ ಮೇಲೆಯೇ ಕ್ರಿಯಾಟಿನಿನ್ ಗೆರೆ ದಾಟುವುದು. ಅದಕ್ಕೇ ಜೊತೆಗೆ ಮೂತ್ರದ ಗಾಢತೆಯನ್ನೂ ನೋಡಿಸಬೇಕು, ಅಲ್ಲಿ ಸುಳಿವು ಬೇಗ ಸಿಗುತ್ತದೆ.

ಉಣ್ಣೆ ಹುಳ ಕಚ್ಚಿದ ನಾಯಿಗೆ ರಕ್ತಕಣಗಳ ಎಣಿಕೆ, ಅದರಲ್ಲೂ ಪ್ಲೇಟ್‌ಲೆಟ್. ಉಣ್ಣೆ ಹುಳ ಹರಡುವ ಎರ್ಲಿಕಿಯಾ, ಬೆಬೇಸಿಯಾ ರೋಗ ಎರಡರಲ್ಲೂ ಅದು ಕುಸಿಯುತ್ತದೆ. ವಯಸ್ಸಾದ ಬೆಕ್ಕಿಗೆ ಥೈರಾಯ್ಡ್ ಮತ್ತು ಬಿಪಿ. ಹೆದರಿದ ಬೆಕ್ಕಿನಲ್ಲಿ ಸಕ್ಕರೆ ತಾತ್ಕಾಲಿಕವಾಗಿ ಏರುತ್ತದೆ, ಒಂದೇ ರಿಪೋರ್ಟು ನೋಡಿ ಮಧುಮೇಹ ಅಂತ ಗಾಬರಿ ಬೀಳಬೇಡಿ.

ಎಲ್ಲಕ್ಕೂ ದುಡ್ಡು ಹೊಂದದಿದ್ದರೆ ನೇರವಾಗಿ ಕೇಳಿ: "ಒಂದೇ ಟೆಸ್ಟ್ ಮಾಡಿಸೋದಾದ್ರೆ ಯಾವುದು ಸಾರ್?"

## ಹಂತ 9: ಲಸಿಕೆ, ಜಂತುಹುಳ, ಉಣ್ಣೆ

ರೇಬಿಸ್ ಮೊದಲ ಸೂಜಿ ಮೂರು ತಿಂಗಳಿಗೆ, ಸಾಮಾನ್ಯವಾಗಿ ತಿಂಗಳಾದಮೇಲೆ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಮನೆಯೊಳಗಿನ ಬೆಕ್ಕಿಗೂ ಬೇಕು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಅನೇಕ ಕಡೆ ಉಚಿತ ಲಸಿಕೆ ಶಿಬಿರ ಇರುತ್ತದೆ, ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಮಳೆಗಾಲಕ್ಕೆ ಮೊದಲು ಇಲಿಜ್ವರದ ಲಸಿಕೆ ಚಾಲ್ತಿಯಲ್ಲಿದೆಯಾ ನೋಡಿ. ಕರಾವಳಿ, ಮಲೆನಾಡಿನವರು, ಗದ್ದೆ ನೀರಿನಲ್ಲಿ ಇಳಿಯುವ ನಾಯಿ ಇರುವವರು ಇದನ್ನು ಮರೆಯಲೇಬಾರದು.

ಮೆಡಿಕಲ್ ಶಾಪಿನಿಂದ ಲಸಿಕೆ ತಂದು ಮನೆಯಲ್ಲೇ ಚುಚ್ಚುವುದು ಬೇಡ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕಾದ ಸೀಸೆ ಅದು. ಕರೆಂಟು ಹೋದ ಒಂದು ಮಧ್ಯಾಹ್ನ ಸಾಕು ಕೆಡಲು, ಕೆಟ್ಟಿದ್ದು ನೋಡಿದರೆ ತಿಳಿಯುವುದೂ ಇಲ್ಲ.

ಜಂತುಹುಳದ ಔಷಧಿ ಮರಿಗಳಿಗೆ ಎರಡು ವಾರಕ್ಕೊಮ್ಮೆ ಶುರುವಾಗಿ, ದೊಡ್ಡವಾದ ಮೇಲೆ ಮೂರು ತಿಂಗಳಿಗೊಮ್ಮೆ ಬರುತ್ತದೆ. ಅವತ್ತಿನ ತೂಕಕ್ಕೆ ಲೆಕ್ಕ ಹಾಕಿ ಕೊಡಿ, ಹೋದ ಸಲದ ತೂಕಕ್ಕಲ್ಲ.

ಉಣ್ಣೆ ಹುಳಕ್ಕೆ ನಮ್ಮಲ್ಲಿ ರಜೆಯ ಕಾಲ ಅಂತಿಲ್ಲ, ವರ್ಷಪೂರ್ತಿ ಇರುತ್ತದೆ. ರಕ್ತ ಕುಡಿದು ಉದುರಿದ ಹೆಣ್ಣು ಹುಳ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಯ ಮೈ ಮಾತ್ರ ಸ್ವಚ್ಛ ಮಾಡಿದರೆ ಮೂರು ವಾರಕ್ಕೆ ಮತ್ತೆ ಅದೇ ಕಥೆ. ಮಾತ್ರೆಗಳಲ್ಲಿ ಕೆಲವು ತಿಂಗಳು, ಕೆಲವು ಮೂರು ತಿಂಗಳು ಕೆಲಸ ಮಾಡುತ್ತವೆ. ಫಿಟ್ಸ್ ಬಂದಿದ್ದ ನಾಯಿಯಾದರೆ ಮೊದಲೇ ಡಾಕ್ಟರಿಗೆ ತಿಳಿಸಿ.

ಇಲ್ಲಿ ಎರಡು ತಪ್ಪು ಜೀವ ತೆಗೆಯುತ್ತವೆ. ನಾಯಿಯ ಉಣ್ಣೆಗೆ ಅಂತ ತಂದ ಪರ್ಮೆಥ್ರಿನ್ ಅನ್ನುವ ಔಷಧಿಯ ಹನಿಯನ್ನು ಬೆಕ್ಕಿಗೆ ಹಚ್ಚುವುದು ಒಂದು: ನಡುಕ, ಫಿಟ್ಸ್, ಸಾವು. ಕೊಟ್ಟಿಗೆಯಲ್ಲಿ ದನಕ್ಕೆ ಉಳಿದ ಉಣ್ಣೆ ಔಷಧಿಯನ್ನೋ ಐವರ್ಮೆಕ್ಟಿನ್ ಸೂಜಿಯನ್ನೋ ಅಂದಾಜಿನ ಮೇಲೆ ನಾಯಿ, ಬೆಕ್ಕಿಗೆ ಕೊಡುವುದು ಇನ್ನೊಂದು. ಹಳ್ಳಿಮನೆಗಳಲ್ಲಿ ಇದು ಎಷ್ಟು ಸಲೀಸಾಗಿ ನಡೆಯುತ್ತದೆ ಅಂದರೆ ಯಾರೂ ಅದನ್ನು ತಪ್ಪು ಅಂತಲೇ ಎಣಿಸುವುದಿಲ್ಲ.

## ಹಂತ 10: ವಾಪಸ್ ಬಂದ ಮೇಲೆ

ಸೂಜಿ ಆದಮೇಲೆ ಹದಿನೈದಿಪ್ಪತ್ತು ನಿಮಿಷ ಕ್ಲಿನಿಕ್ಕಿನ ಬಳಿಯೇ ಇರಿ. ಮುಖ ಊದುವುದು, ಮೈಮೇಲೆ ದದ್ದು ಏಳುವುದು, ಪದೇ ಪದೇ ವಾಂತಿ, ಕುಸಿದು ಬೀಳುವುದು ಹೆಚ್ಚಾಗಿ ಬೇಗನೇ ಶುರುವಾಗುತ್ತವೆ. ಒಂದೆರಡು ದಿನ ಮಂಕಾಗಿರುವುದು, ಸೂಜಿ ಜಾಗದಲ್ಲಿ ಸಣ್ಣ ಗಂಟು ಇರುವುದು ಸಾಮಾನ್ಯ. ನೋವು ಅಂತ ಪ್ಯಾರಾಸಿಟಮಾಲ್ ಕೊಡಬೇಡಿ. ಬೆಕ್ಕಿಗೆ ಒಂದೇ ಮಾತ್ರೆ ಸಾವಾಗಬಹುದು. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತದೆ.

ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ. ತೂಕವನ್ನು ಮಾತ್ರ ಬೇರೆ ಒಂದು ಪುಟದಲ್ಲಿ ತಾರೀಕಿನ ಸಮೇತ ಕೆಳಗೆ ಕೆಳಗೆ ಬರೆಯುತ್ತಾ ಹೋಗಿ. ಗುಂಡನ ಕಥೆ ನೆನಪಿದೆಯಲ್ಲ? ಮುಂದಿನ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ದಿನ ಬರೆಯುವ ಜಾಗದಲ್ಲೇ ಬರೆಯಿರಿ. ಫೋನಿನ ರಿಮೈಂಡರನ್ನು ನಾವೆಲ್ಲ ಬೆರಳಲ್ಲಿ ಸವರಿ ಮರೆಯುತ್ತೇವೆ.

## ತಾರೀಕು ಬರಲಿ ಅಂತ ಕಾಯಬಾರದ ಲಕ್ಷಣಗಳು

ಮರಿಗೆ ವಾಂತಿ, ಜೊತೆಗೆ ರಕ್ತ ಬೆರೆತ ನಾತದ ಭೇದಿ: ಪಾರ್ವೊ ಇರಬಹುದು, ಮೊಸರನ್ನ ಕೊಟ್ಟು ನಾಳೆ ನೋಡೋಣ ಅನ್ನಬೇಡಿ.

ಮೂಗಿನಿಂದ ರಕ್ತ, ಕಾಫಿ ಡಿಕಾಕ್ಷನ್ ಬಣ್ಣದ ಉಚ್ಚೆ: ಉಣ್ಣೆ ಜ್ವರ ಅಂತ ಅನುಮಾನಿಸಿ ಅವತ್ತೇ ಹೋಗಿ.

ದೊಡ್ಡ ನಾಯಿಯ ಹೊಟ್ಟೆ ಡೋಲಿನಂತೆ ಉಬ್ಬಿ, ವಾಂತಿ ಮಾಡಲು ಒದ್ದಾಡಿದರೂ ಏನೂ ಬರದಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ಇಲ್ಲಿ ನಿಮಿಷ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಬೆಕ್ಕು ಒಂದಿಡೀ ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕು, ಡಾಕ್ಟರಿಗೆ ಫೋನ್ ಮಾಡಿ. ಉಪವಾಸ ಮುಂದುವರಿದರೆ ಅದರ ಲಿವರಿಗೆ ಕೊಬ್ಬು ತುಂಬುತ್ತದೆ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಫೋನೂ ಬೇಡ, ಹೊರಡಿ.

ಇನ್ನು ಗಂಡುಬೆಕ್ಕು. ಲಿಟರ್ ಟ್ರೇಗೆ ಪದೇ ಪದೇ ಹೋಗುತ್ತದೆ, ಕೂತು ತಿಣುಕುತ್ತದೆ, ಮೆಲ್ಲಗೆ ನರಳುತ್ತದೆ, ಕೆಳಗೆ ನೋಡಿದರೆ ಹನಿಯೂ ಬಿದ್ದಿಲ್ಲ. ಮಲಬದ್ಧತೆ ಅಂದುಕೊಂಡು ಜನ ಬೆಳಗಾಗಲಿ ಅಂತ ಮಲಗುತ್ತಾರೆ. ಅದು ಹೆಚ್ಚಾಗಿ ಮೂತ್ರನಾಳ ಕಟ್ಟಿಕೊಂಡಿರುವುದು. ಒಂದೆರಡು ದಿನದಲ್ಲಿ ಹೃದಯ ನಿಲ್ಲುವ ಮಟ್ಟಕ್ಕೆ ಹೋಗುತ್ತದೆ. ಟ್ರೇ ಒಣಗಿದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡಿ, ಒಣಗಿದ್ದರೆ ಫ್ರಿಜ್ಜಿನ ಮೇಲಿನ ಎರಡನೇ ನಂಬರಿಗೆ, ಅಂದರೆ ರಾತ್ರಿ ಆಸ್ಪತ್ರೆಗೆ, ಫೋನ್ ಮಾಡಿ, ಬುಟ್ಟಿ ಎತ್ತಿಕೊಂಡು ಆ ರಾತ್ರಿಯೇ ಹೊರಡಿ.